ಬೊಕೆಗೆ ‘ತುರಾಯಿ’ ಅನ್ನಬಹುದೇ?

ಗೆಳೆಯರೇ,

ಒಂದು ಪದದ ವಿಚಾರ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಅಕ್ಕನ ಮಗಳು ಮಂಡ್ಯದಲ್ಲಿ ಮದುವೆ ಮನೆಗಳಿಗೆ ಹೂವಿನ ಅಲಂಕಾರ ಮಾಡಿಸುವ ಕೆಲಸ ಶುರು ಮಾಡಿದ್ದಾಳೆ. ಮಂಟಪ, ಆರತಕ್ಷತೆಯ ವೇದಿಕೆ, ಗೃಹಪ್ರವೇಶದ ಬಾಗಿಲು, ಸೀಮಂತದ ಉಯ್ಯಾಲೆ, ಕಾರು, ಎಲ್ಲವೂ. ಈಗ ಒಂದು ಮಳಿಗೆ ಹಿಡಿದಿದ್ದಾಳೆ, ಬೋರ್ಡ್ ಬರೆಸಬೇಕು. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅನ್ನುವ ನಿಯಮ ನಿಮಗೆ ಗೊತ್ತೇ ಇದೆ. ಜಾಸ್ತಿ ಜನ ಏನು ಮಾಡುತ್ತಾರೆ? ‘ಫ್ಲೋರಲ್ ಡೆಕೋರ್ಸ್ ಅಂಡ್ ಬೊಕೆ’ ಅಂತ ಕನ್ನಡ ಅಕ್ಷರದಲ್ಲಿ ಬರೆಸಿ ಕೈ ತೊಳೆದುಕೊಳ್ಳುತ್ತಾರೆ. ಇವಳು ಹಾಗಲ್ಲ. ಫೋನ್ ಮಾಡಿ, ‘ಮಾವ, ಬೊಕೆಗೆ ಕನ್ನಡದಲ್ಲಿ ಏನಂತಾರೆ? ಹೂಗುಚ್ಛ ಅಂತ ಮಾತ್ರ ಹೇಳ್ಬೇಡಿ’ ಅಂದಳು.

ಯಾಕೆ ಬೇಡ ಅಂದೆ. ‘ಅದು ಮಂತ್ರಿಗಳಿಗೆ ಕೊಡೋದು, ಮದುವೆಗೆ ಯಾರು ಹೂಗುಚ್ಛ ತರ್ತಾರೆ?’ ಅಂದಳು. ಮಾತು ಸರಿಯೇ. ಪೇಪರಿನಲ್ಲಿ ‘ಹೂಗುಚ್ಛ ನೀಡಿ ಸ್ವಾಗತಿಸಿದರು’ ಅಂತ ದಿನಾ ಓದುತ್ತೇವೆ. ಆದರೆ ಅಂಗಡಿಗೆ ಹೋಗಿ ‘ಇನ್ನೂರು ರೂಪಾಯಿಯದ್ದು ಒಂದು ಹೂಗುಚ್ಛ ಕೊಡಪ್ಪ’ ಅಂದವರನ್ನು ನಾನು ಕಂಡಿಲ್ಲ. ಬಾಯಲ್ಲಿ ಅದು ಹೂಗುಚ್ಚವೇ ಆಗುತ್ತದೆ, ಪೇಂಟರ್ ಕೂಡ ಹಾಗೇ ಬರೆಯುತ್ತಾನೆ. ಹೂ ಕನ್ನಡ, ಗುಚ್ಛ ಸಂಸ್ಕೃತ, ಇದು ಅರಿಸಮಾಸ ಅಂತ ಹಿರಿಯರೊಬ್ಬರು ಈಗಾಗಲೇ ಕೈ ಎತ್ತಿರುತ್ತಾರೆ. ಆ ಜಗಳ ಇವತ್ತು ಬೇಡ.

ಬೇರೆ ಪದಗಳನ್ನು ಇಟ್ಟು ನೋಡಿದೆ. ಹೂಗೊಂಚಲು ಅಂದರೆ ಗಿಡದಲ್ಲೇ ಗೊಂಚಲಾಗಿ ಬಿಟ್ಟ ಹೂವು ಕಣ್ಣಿಗೆ ಬರುತ್ತದೆ. ಹೂಕಟ್ಟು ಅಂದರೆ ದಂಟಿನ ಸೊಪ್ಪಿನ ಪಕ್ಕ ಇಟ್ಟ ಹಾಗೆ. ಹೂಚೆಂಡು ಚೆನ್ನಾಗಿದೆ, ಆದರೆ ಅದು ಗುಂಡಗಿರಬೇಕು, ಉರುಟಣೆಯಲ್ಲಿ ಗಂಡು ಹೆಣ್ಣು ಎಸೆದಾಡುವಂಥದ್ದು. ಕುಚ್ಚು ಜಡೆಯ ತುದಿಗೆ, ಸೀರೆಯ ಸೆರಗಿಗೆ ಹೋಗಿಬಿಟ್ಟಿದೆ, ಮಾರ್ಕೆಟ್ಟಿನಲ್ಲಿ ಅದು ಸೇವಂತಿಗೆ ಮಾರುವ ಲೆಕ್ಕವೂ ಹೌದು.

ಇಲ್ಲಿ ನನಗೆ ಒಂದು ಯೋಚನೆ ಬಂತು. ದಾರದ ಹೂವಿಗೆ ನಮ್ಮಲ್ಲಿ ಪದಕ್ಕೆ ಬರವೇ ಇಲ್ಲ. ಸರ, ಮಾಲೆ, ಹಾರ, ದಂಡೆ, ದಿಂಡು, ತೋರಣ, ಮೊಗ್ಗಿನ ಜಡೆ. ಅಳತೆಗೆ ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. (ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ. ಮಾರುವವಳ ಕೈ ಯಾವಾಗಲೂ ಗಿಡ್ಡ, ಕೊಳ್ಳುವವಳ ಕೈ ಯಾವಾಗಲೂ ಉದ್ದ.) ಉಡುಪಿ ಕಡೆ ಹೋದರೆ ಲೆಕ್ಕವೇ ಬೇರೆ, ಅಲ್ಲಿ 800 ಮಲ್ಲಿಗೆ ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕೆಲಸದ ಮಾತೂ ಅಷ್ಟೇ: ಕಟ್ಟುವುದು, ಪೋಣಿಸುವುದು, ಹೆಣೆಯುವುದು, ಸುತ್ತುವುದು. ಕಟ್ಟುವುದು ಬೇರೆ, ಪೋಣಿಸುವುದು ಬೇರೆ. ಸೂಜಿ ಹಿಡಿದರೆ ಪೋಣಿಸಿದ ಹಾಗೆ, ಬಾಳೆನಾರು ಹಿಡಿದು ಗಂಟು ಹಾಕಿದರೆ ಕಟ್ಟಿದ ಹಾಗೆ. ಇಷ್ಟೆಲ್ಲ ಇರುವ ಭಾಷೆಗೆ ಕೈಯಲ್ಲಿ ಹಿಡಿಯುವ ಒಂದು ಹಿಡಿ ಹೂವಿಗೆ ಪದ ಇಲ್ಲ ಅಂದರೆ ಏನು?

ಕಾರಣ ಹೂವಿನಲ್ಲೇ ಇದೆ ಅನ್ನಿಸುತ್ತದೆ. ನಮ್ಮ ಮಲ್ಲಿಗೆ, ಕಾಕಡ, ಕನಕಾಂಬರ ಯಾವುದನ್ನೂ ಉದ್ದ ಕಡ್ಡಿಯ ಸಮೇತ ಕೊಯ್ಯುವುದಿಲ್ಲ. ಮೊಗ್ಗನ್ನೇ ಬಿಡಿಸುತ್ತೇವೆ. ಬಿಡಿ ಹೂವು ತಾನಾಗಿ ನಿಲ್ಲುವುದಿಲ್ಲ, ಅದಕ್ಕೆ ನಾರು ಬೇಕೇ ಬೇಕು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತ ಗಾದೆ ಹುಟ್ಟಿದ್ದೂ ಇಂಥ ಕಡೆಯೇ ಅಲ್ವಾ. ಜರ್ಬೆರಾ, ಕಾರ್ನೇಷನ್, ಆರ್ಕಿಡ್ ಬಂದಿದ್ದು ಕಡ್ಡಿಯ ಸಮೇತ. ಅಕ್ಕನ ಮಗಳ ಹುಡುಗರು ಅವನ್ನು ಸುಮ್ನೆ ‘ಕಡ್ಡಿ ಹೂವು’ ಅನ್ನುತ್ತಾರೆ. ನನಗೆ ಬಹಳ ಇಷ್ಟವಾಯಿತು. ಅವನ್ನು ನೀರು ಕುಡಿಸಿದ ಹಸಿರು ಫೋಮಿಗೆ ‘ಚುಚ್ಚುತ್ತಾರೆ’. (ಆ ಫೋಮಿಗೆ ಎಲ್ಲರೂ ಓಯಸಿಸ್ ಅನ್ನುವುದು, ಅದು 1954ರಲ್ಲಿ ಅಮೆರಿಕದಲ್ಲಿ ಶುರುವಾದ ಕಂಪನಿಯ ಬ್ರ್ಯಾಂಡ್ ಹೆಸರು, ಡಾಲ್ಡಾ ಇದ್ದ ಹಾಗೆ.) ‘ಹೂವನ್ನ ಚುಚ್ಚೋದೇನೋ?’ ಅಂತ ನಮ್ಮ ದೊಡ್ಡಮ್ಮ ಮುಖ ಕಿವುಚಿದರು. ಜಪಾನಿನವರ ಇಕೆಬಾನಾದಲ್ಲಿ ‘ಇಕೆ’ ಬಂದಿದ್ದು ‘ಇಕೆರು’ ಅನ್ನುವ ಕ್ರಿಯಾಪದದಿಂದ, ಅದಕ್ಕೂ ಬದುಕು ಅನ್ನುವ ಮಾತಿಗೂ ನಂಟು. ಅವರು ಹೂವನ್ನು ಬದುಕಿಸುತ್ತಾರೆ, ನಾವು ಚುಚ್ಚುತ್ತೇವೆ.

ತುರಾಯಿ ಸಿಕ್ಕಿದ್ದು ದೊಡ್ಡಮ್ಮನ ಬಾಯಿಂದಲೇ. ಅವರು ಹುಟ್ಟಿ ಬೆಳೆದಿದ್ದು ಮೈಸೂರಿನಲ್ಲಿ, ಈಗ ಎಂಬತ್ತು ದಾಟಿದೆ. ‘ನಿಮ್ಮ ಕಾಲದಲ್ಲಿ ಬೊಕೆ ಇರಲಿಲ್ವಾ?’ ಅಂತ ಕೇಳಿದೆ. ‘ಬೊಕೆ ಎಲ್ಲಿತ್ತು, ತುರಾಯಿ ಇತ್ತು’ ಅಂದರು. ಒಂದು ಕಡ್ಡಿಗೆ ಮೇಲಿನಿಂದ ಹೂವು ಸುತ್ತಿಕೊಂಡು ಬರುವುದು, ನಡುನಡುವೆ ಮರುಗ ಇಲ್ಲವೇ ಪಚ್ಚೆತೆನೆ, ಕೆಳಗೆ ಹಿಡಿಯುವ ಕಡೆ ಜರಿ. ಮದುವೆಗೆ ಬಂದ ದೊಡ್ಡವರಿಗೆ ಕೊರಳಿಗೆ ಹಾರ, ಕೈಗೆ ತುರಾಯಿ. ಅಂದರೆ ಕಡ್ಡಿ ಇಲ್ಲದ ಹೂವಿಗೆ ಕಡ್ಡಿ ಕೊಟ್ಟಿದ್ದರು!

ಹಾರತುರಾಯಿ ಅನ್ನುವ ಜೋಡಿ ನಮಗೆಲ್ಲ ಗೊತ್ತು. 2021ರ ಆಗಸ್ಟಿನಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಸುತ್ತೋಲೆ ಬಂತಲ್ಲ, ಆಗಲೂ ಊರವರ ಬಾಯಲ್ಲಿ ಇದ್ದಿದ್ದು ‘ಹಾರತುರಾಯಿ ಬಂದ್ ಅಂತೆ’ ಅನ್ನುವ ಮಾತೇ. ಆದರೆ ತುರಾಯಿ ಅಂದರೆ ಯಾವುದು ಅಂತ ಯಾರೂ ಬಿಡಿಸಿ ನೋಡುವುದಿಲ್ಲ. ಹಣ್ಣುಹಂಪಲಿನಲ್ಲಿ ಹಂಪಲಿಗೆ ಆದ ಗತಿಯೇ ಇದಕ್ಕೂ ಆಗಿದೆ. ಹಾರದ ಬಾಲ ಹಿಡಿದು ಬದುಕಿದೆ.

ಮೂಲಕ್ಕೆ ಹೋದರೆ ಇದು ಅರಬ್ಬಿಯ ‘ತುರ್ರಾ’, ಹಣೆಯ ಮೇಲಿನ ಮುಂಗುರುಳು. ಪಾರ್ಸಿ ಹಾದು ಬರುವ ಹೊತ್ತಿಗೆ ಪೇಟಕ್ಕೆ ಸಿಕ್ಕಿಸುವ ಗರಿ, ಕುಚ್ಚು ಆಯಿತು. ಮೈಸೂರು ಪೇಟದ ಮುಂದೆ ನಿಲ್ಲುತ್ತದಲ್ಲ, ಆ ತುರಾಯಿ. ಅಲ್ಲಿಂದ ಹೂವಿಗೆ ಬಂದಿರಬೇಕು. ಮುಂಗುರುಳು, ಗರಿ, ಹೂವು: ಮೂರರಲ್ಲೂ ಒಂದು ತುದಿ ಹಿಡಿತದಲ್ಲಿರುತ್ತದೆ, ಇನ್ನೊಂದು ತುದಿ ಅರಳಿ ನಿಂತಿರುತ್ತದೆ. ಬೊಕೆಯ ಆಕಾರವೂ ಅದೇ ತಾನೇ?

ಹೊರಗಿನಿಂದ ಬಂದ ಪದ ಅಂತ ತಕರಾರು ತೆಗೆಯುವವರಿಗೆ ಒಂದು ಮಾತು. ಬೊಕೆಯೂ ಫ್ರೆಂಚಿನದು. ಎರಡೂ ಹೊರಗಿನವೇ ಆದ ಮೇಲೆ, ಪೇಟದ ಜೊತೆ ತಲೆಮಾರುಗಳಿಂದ ನಮ್ಮ ಊರಿನಲ್ಲಿ ಇರುವುದನ್ನು ಬಿಟ್ಟು ಮೊನ್ನೆ ಬಂದದ್ದನ್ನು ಯಾಕೆ ಹಿಡಿಯಬೇಕು?

ಮೈಸೂರಿನ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲೂ ಪರೀಕ್ಷೆ ಮಾಡಿದೆ. ಮೂರು ಅಂಗಡಿಯಲ್ಲಿ ‘ತುರಾಯಿ ಇದೆಯಾ?’ ಅಂತ ಕೇಳಿದೆ. ಮೊದಲನೆಯ ಹುಡುಗ ಪೇಟದ ಅಂಗಡಿಗೆ ದಾರಿ ತೋರಿಸಿದ. ಎರಡನೆಯವರು ‘ಎಷ್ಟು ಮೊಳ ಸಾರ್?’ ಅಂದರು. ಮೂರನೆಯ ಅಜ್ಜ ಮಾತ್ರ ಕೈಯಲ್ಲಿದ್ದ ಸುಗಂಧರಾಜ ಕೆಳಗಿಟ್ಟು ನನ್ನನ್ನೊಮ್ಮೆ ನೋಡಿ, ‘ಈಗ ಅದನ್ನ ಯಾರು ಕೇಳ್ತಾರೆ ಸ್ವಾಮಿ, ಬೇಕಾದ್ರೆ ಹಿಂದಿನ ದಿನ ಹೇಳಿ, ಕಟ್ಟಿಕೊಡ್ತೀನಿ’ ಅಂದರು. ಮೂರರಲ್ಲಿ ಒಂದು. ಸತ್ತ ಪದ ಅಂತ ಹೇಳುವ ಹಾಗಿಲ್ಲ.

ಇನ್ನು ಕೆಲಸ ಮಾಡುವವರ ಹೆಸರು. ‘ಫ್ಲೋರಿಸ್ಟ್’ ಅನ್ನುವ ಕಡೆ ಹೂಗಾರ ಹಾಕಿ ಅಂತ ಧಾರವಾಡದ ಗೆಳೆಯರು ಹೇಳಿದರು. ಆ ಕಡೆ ಅದು ಒಂದು ಸಮುದಾಯದ ಹೆಸರು, ಮನೆತನದ ಹೆಸರು, ಹೂಗಾರ ಮಾದಯ್ಯ ಅಂತ ಶರಣರೇ ಇದ್ದಾರೆ. ಬೇರೆಯವರು ಬೋರ್ಡಿಗೆ ಹಾಕಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಹೂವಾಡಿಗ, ಹೂವಾಡಗಿತ್ತಿ ನಮ್ಮ ಕಡೆಗೆ ಹೊಂದುತ್ತದೆ. ಅಕ್ಕನ ಮಗಳಿಗೆ ಹೇಳಿದೆ. ‘ಬುಟ್ಟಿ ಹೊತ್ತುಕೊಂಡು ಬೀದಿ ಸುತ್ತೋ ಹಾಗೆ ಕೇಳ್ಸುತ್ತೆ ಮಾವ’ ಅಂದಳು. ಮದುವೆಯೊಂದಕ್ಕೆ ಲಕ್ಷದ ಮಾತು ಆಡುವವಳು ಹಾಗೆ ಅಂದರೆ ತಪ್ಪು ಹೇಳಲಾರೆ, ಆದರೆ ಬುಟ್ಟಿ ಹೊತ್ತವಳ ಹೆಸರಿಗೆ ಏನು ಕೊರತೆ ಅಂತ ನನ್ನ ಮನಸ್ಸು ಇನ್ನೂ ವಾದ ಮಾಡುತ್ತಿದೆ.

ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ಮನೆಯ ಹಿರಿಯರು ಹಾರ ಸೇರಿಸದೆ ಬರೀ ‘ತುರಾಯಿ’ ಅನ್ನುತ್ತಿದ್ದರಾ? ಅನ್ನುತ್ತಿದ್ದರೆ, ಅವರ ಮಾತಿನಲ್ಲಿ ಅದು ಕೈಯಲ್ಲಿ ಹಿಡಿಯುವುದೋ, ತಲೆಗೆ ಸಿಕ್ಕಿಸುವುದೋ? ಹಾಸನ, ಚಾಮರಾಜನಗರ, ತುಮಕೂರಿನ ಕಡೆಯವರು ಮುಖ್ಯವಾಗಿ ಬರೆಯಿರಿ. ಫೋಮಿಗೆ ಹೂವು ‘ಚುಚ್ಚುವ’ ಕೆಲಸಕ್ಕೆ ದೊಡ್ಡಮ್ಮ ಮುಖ ಕಿವುಚದಂಥ ಮಾತು ಯಾರಿಗಾದರೂ ಹೊಳೆದರೆ ಅದನ್ನೂ ತಿಳಿಸಿ, ನನಗೆ ‘ನೆಡು’ವಿನ ತನಕ ಬಂದು ನಿಂತಿದೆ.

ಪೇಂಟರ್ ಶುಕ್ರವಾರ ಬರುತ್ತಾನೆ. ಅವಳು ಸದ್ಯಕ್ಕೆ ಶಟರಿನ ಮೇಲೆ ಸೀಮೆಸುಣ್ಣದಲ್ಲಿ ‘ಹಾರ, ತುರಾಯಿ, ಮಂಟಪ’ ಅಂತ ಬರೆದಿಟ್ಟಿದ್ದಾಳೆ. ಹಾರದ ಪಕ್ಕ ಒಂದು ಅಲ್ಪವಿರಾಮ ಹಾಕಿ ತುರಾಯಿಯನ್ನು ಬಿಡಿಸಿದ್ದಾಳೆ, ನೋಡಿದಿರಾ?