2^67 − 1 ಅಪವರ್ತಿಸಿದರೆ ಬರೀ ಎರಡುಗಳೇ ಬರುತ್ತಿವೆ, ಯಾರಾದರೂ ನೋಡಿ

ಬದಿಯಡ್ಕದವ:
147573952589676412927, ಅಂದರೆ 67 ಎರಡುಗಳ ಗುಣಲಬ್ಧದಿಂದ (2^67) ಒಂದು ಕಳೆದದ್ದು, ಕೊಟ್ಟರೆ ನನ್ನ ಅಪವರ್ತಿಸುವ ಪ್ರೋಗ್ರಾಂ 2, 2, 2 ಎಂದು ಪರದೆ ತುಂಬ ಎರಡುಗಳನ್ನೇ ಸುರಿಯುತ್ತದೆ. ಕೊನೆಯಲ್ಲಿ 7 ಇರುವ ಸಂಖ್ಯೆಯನ್ನು 2 ಭಾಗಿಸುತ್ತದೆಯೇ? ಪ್ರೋಗ್ರಾಂ ಸರಿಯಾಗಿಯೇ ಇದೆ, 91 ಕೊಟ್ಟರೆ 7, 13 ಎನ್ನುತ್ತದೆ. ತಲೆ ಕೆಟ್ಟುಹೋಗಿದೆ.

ಹೊಸೂರು ಯಂತ್ರ:
ರ್‍ಯಾಮ್ ಹೋಗಿದೆ. ಮಳೆಗಾಲದಲ್ಲಿ ನಿಮ್ಮ ಕಾಸರಗೋಡಿನ ಕಡೆ ಕರೆಂಟಿನ ಕಥೆ ಗೊತ್ತಿದ್ದದ್ದೇ. ಯುಪಿಎಸ್ ಇದೆಯೇ? ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿ.

ಬದಿಯಡ್ಕದವ:
ಓಡಿಸಿದೆ. ದೋಷವಿಲ್ಲ. ಅವೇ ಎರಡುಗಳು.

ಹೊಸೂರು ಯಂತ್ರ:
ಒಂದು ರಾತ್ರಿ ಸಾಲದು. ಒಂದು ರ್‍ಯಾಮ್ ಕಳಚಿಟ್ಟು ಇನ್ನೊಂದರಲ್ಲೇ ನೋಡಿ.

ಅಕ್ಕಲಕೋಟೆ ಅಂಕಿ:
ರ್‍ಯಾಮ್ ಬಿಡಿ. ಮೊದಲು ಆಧಾರ 2 ಹಿಡಿದು ಫರ್ಮಾ ಪರೀಕ್ಷೆ ಮಾಡಿ (ಸಂಖ್ಯೆ n ಆದರೆ 2^(n − 1) ಅನ್ನು n ಇಂದ ಭಾಗಿಸಿ ಶೇಷ 1 ಬರುತ್ತದೆಯೇ ನೋಡುವುದು), ಸಂಖ್ಯೆ ಅವಿಭಾಜ್ಯವೇ ಎಂದು ತಿಳಿದುಕೊಳ್ಳಿ.

ಆದವಾನಿ ಮೇಷ್ಟ್ರು:
ಈ ಜಾತಿಯ ಸಂಖ್ಯೆಗೆ ಆ ಪರೀಕ್ಷೆ ದಂಡ. p ಅವಿಭಾಜ್ಯವಾಗಿದ್ದರೆ 2^p − 1 ಅದರಲ್ಲಿ ಪಾಸಾಗಿಯೇ ತೀರುತ್ತದೆ. 2047 ಸಹ ಪಾಸಾಗುತ್ತದೆ, ಆದರೆ ಅದು 23 × 89. ಫ್ರೆಂಚ್ ಗಣಿತಜ್ಞ ಮರ್ಸೆನ್ 1644ರಲ್ಲಿ 2^67 − 1 ಅವಿಭಾಜ್ಯ ಎಂದಿದ್ದರು. ಅಲ್ಲವೆಂದು ಅದೇ ದೇಶದ ಗಣಿತಜ್ಞ ಲ್ಯೂಕಾ 1876ರಲ್ಲಿ ಸಾಧಿಸಿದರು, ಅದೂ ಒಂದೇ ಒಂದು ಅಪವರ್ತನ ತೋರಿಸದೆ. ಬದಿಯಡ್ಕದವರೇ, ಎರಡುಗಳು ಎಷ್ಟಿವೆ? ಭಾಷೆ ಯಾವುದು?

ಬದಿಯಡ್ಕದವ:
67. ಭಾಷೆ ಯಾವುದಾದರೇನು? ಜಾವಾಸ್ಕ್ರಿಪ್ಟ್, ಬ್ರೌಸರಿನಲ್ಲೇ.

ಆದವಾನಿ ಮೇಷ್ಟ್ರು:
ಅದನ್ನು ಮೊದಲೇ ಹೇಳಬಾರದಿತ್ತೇ? 67 ಎರಡುಗಳನ್ನು ಗುಣಿಸಿದರೆ 2^67. ನಿಮ್ಮ ಯಂತ್ರ ಅಪವರ್ತಿಸಿದ್ದು ಅದನ್ನೇ, ಲೆಕ್ಕವೂ ಸರಿ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗೆ 53 ಬಿಟ್ (ದ್ವಿಮಾನ ಅಂಕಿ) ನಿಖರತೆ ಮಾತ್ರ. 9007199254740992 ದಾಟಿದ ಮೇಲೆ ಎಲ್ಲ ಪೂರ್ಣಾಂಕಗಳಿಗೂ ಜಾಗವಿಲ್ಲ. 2^67ರ ಕೆಳಗೆ ಅದಕ್ಕೆ ಸಿಗುವ ಮೊದಲ ಸಂಖ್ಯೆಯೇ 16384ರಷ್ಟು ದೂರದಲ್ಲಿದೆ, ನೀವು ಕಳೆದ ಒಂದು ಎಲ್ಲಿ ಉಳಿಯಬೇಕು? ದೊಡ್ಡ ಪೂರ್ಣಾಂಕಗಳನ್ನು ನಿಖರವಾಗಿ ಇಡುವ ಬಿಗ್‌ಇಂಟ್ ಬಳಸಿ, ಅಂಕಿಯ ಕೊನೆಗೆ ಎನ್ (n) ಅಕ್ಷರ ಹಾಕಿ.

ಹೊಸೂರು ಯಂತ್ರ:
ಆದರೂ ರ್‍ಯಾಮ್ ಒಮ್ಮೆ ನೋಡುವುದು ಒಳ್ಳೆಯದು.

ಬದಿಯಡ್ಕದವ:
ಎನ್ ಹಾಕಿದೆ. ಈಗ ಎರಡು ಬಗೆಯ ಸಂಖ್ಯೆ ಬೆರೆಸಬೇಡಿ ಎಂಬ ದೋಷ.

ಆದವಾನಿ ಮೇಷ್ಟ್ರು:
ಎಲ್ಲ ಅಂಕಿಗೂ ಹಾಕಬೇಕು, ಭಾಜಕದ 2ಕ್ಕೂ, ಕೂಡಿಸುವ 1ಕ್ಕೂ. ಉತ್ತರ 193707721 × 761838257287 ಬರಬೇಕು. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಕಂಡುಹಿಡಿದದ್ದು.

ಅಕ್ಕಲಕೋಟೆ ಅಂಕಿ:
ಗಣಿತಜ್ಞರ ಸಭೆಯಲ್ಲಿ ತುಟಿ ಬಿಚ್ಚದೆ ಹಲಗೆಯ ಮೇಲೆ ಗುಣಿಸಿ ತೋರಿಸಿ ಕುಳಿತರಲ್ಲ, ಅವರೇ!

ಆದವಾನಿ ಮೇಷ್ಟ್ರು:
ಆ ಮೌನದ ಕಥೆ ಬಹಳ ವರ್ಷಗಳ ಮೇಲೆ ಗಣಿತ ಲೇಖಕ ಬೆಲ್ ಬರೆದದ್ದು. ಗುಣಾಕಾರವನ್ನು ನಂಬುತ್ತೇನೆ, ಮೌನವನ್ನಲ್ಲ.

ಅಕ್ಕಲಕೋಟೆ ಅಂಕಿ:
ನೀವು ಆ ಸಭೆಯಲ್ಲಿದ್ದಿರೇನು?

ಬದಿಯಡ್ಕದವ:
ಬಂತು! ಆದರೆ ಬಹಳ ನಿಧಾನ.

ಆದವಾನಿ ಮೇಷ್ಟ್ರು:
ಬೆಸ ಸಂಖ್ಯೆಗಳನ್ನೆಲ್ಲ ಪರೀಕ್ಷಿಸುತ್ತಿದ್ದೀರಿ. ಇದರ ಅಪವರ್ತನ 134k + 1 ರೂಪದಲ್ಲೇ ಇರಬೇಕು (134 ಎಂದರೆ 2 × 67, k ಒಂದು ಪೂರ್ಣಾಂಕ). k = 1445580 ತಲುಪಿದರೆ ಚಿಕ್ಕದು ಸಿಕ್ಕಿತು. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಾರದವನ್ನೂ ಬಿಟ್ಟುಬಿಡಿ.

ಹೊಸೂರು ಯಂತ್ರ:
ನನ್ನ ಹದಿನಾರು ಕೋರಿನ ಯಂತ್ರಕ್ಕೆ ಇದು ಚಟಾಕಿ. 64 ಜಿಬಿ ರ್‍ಯಾಮ್, ಎರಡು ಫ್ಯಾನು. 2^1277 − 1 ಹಾಕಿಟ್ಟಿದ್ದೇನೆ. 385 ಅಂಕಿ, ಸಂಯುಕ್ತ, ಅಂದರೆ ಅವಿಭಾಜ್ಯವಲ್ಲ, ಎಂದು ಗೊತ್ತು, ಅಪವರ್ತನ ಇಂದಿಗೂ ಯಾರ ಕೈಗೂ ಸಿಕ್ಕಿಲ್ಲ.

ಅಕ್ಕಲಕೋಟೆ ಅಂಕಿ:
ಕರೆಂಟ್ ಬಿಲ್ ಎಷ್ಟು ಬರುತ್ತದೆ?