ಸಹಾಯ ಬೇಕು: ಊರವರೇ ಷೇರು ಹಾಕಿ ಗಾಳಿ ಫ್ಯಾನು ಹಾಕಬಹುದೇನ್ರಿ?

ನಮಸ್ಕಾರ ರೀ. ನಮ್ಮದು ಗದಗ ಜಿಲ್ಲಾ, ಕಪ್ಪತಗುಡ್ಡದ ಬುಡದಾಗಿನ ಊರು. ಆಷಾಢದ ಗಾಳಿಗೆ ಅವ್ವ ಒಣಗ ಹಾಕಿದ ಸೀರಿ ಬೇಲಿ ದಾಟಿ ಹೋಗ್ತದ. ಸುತ್ತ ಕರೆಂಟು ಮಾಡೋ ಗಾಳಿ ಫ್ಯಾನು ತಿರಗತಾವ, ರೊಕ್ಕ ಮಾತ್ರ ಊರಾಗ ನಿಲ್ಲವಲ್ದು. ಜಾಗ ಮಾರಿದವರಿಗೆ ಒಮ್ಮೆ ಬಂತು, ಟ್ರ್ಯಾಕ್ಟರ್ ಆತು, ಮುಗೀತು.

ಈಗ ನಲವತ್ತು ಮನಿಯವರು ಸೇರಿ ನಮ್ಮದೇ ಒಂದು ಹಾಕೋಣು ಅಂತ ಕಟ್ಟಿ ಮ್ಯಾಲೆ ಮಾತಾಡೇವಿ. ನಗಬ್ಯಾಡ್ರಿ. ಡೆನ್ಮಾರ್ಕಿನ ಕೋಪನ್‌ಹೇಗನ್ ಮುಂದಿನ ಸಮುದ್ರದಾಗ 2000ದಾಗ ನಿಂತ 20 ಫ್ಯಾನಿನೊಳಗ ಹತ್ತು ಫ್ಯಾನು ಮಂದಿ ಕೂಡಿ ಕಟ್ಟಿದ ಸಹಕಾರಿ ಸಂಘದವು. ಸಹಕಾರಿ ಅಂದ್ರ ನಮಗೇನು ಹೊಸದಲ್ಲ, 1905ರಾಗ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಜಿಲ್ಲಾ ಇದು.

ತೊಡಕು ಇಲ್ಲೈತಿ. 2005ರ ವಿದ್ಯುತ್ ನಿಯಮದ ಪ್ರಕಾರ ಸ್ವಂತ ಬಳಕೆ ಘಟಕ (ಮಾಲಕರು ತಮ್ಮ ಬಳಕೆಗೇ ಕರೆಂಟು ಮಾಡೋದು) ಅನ್ನಿಸಿಕೊಳ್ಳಾಕ ವರ್ಷದ ಕರೆಂಟಿನಾಗ ಕನಿಷ್ಠ 51% ಸದಸ್ಯರೇ ಬಳಸಬೇಕು. ನಮ್ಮ 10 ಎಚ್‌ಪಿ ಒಳಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಹಂಗಾರ ಬಳಸವ್ರು ಯಾರು? ಹತ್ತಿ ಜಿನ್ನಿಂಗ್ ಮಿಲ್ಲಿನವರನ್ನ ಸದಸ್ಯರನ್ನಾಗಿ ಮಾಡಿಕೊಂಡ್ರ ನಡೀತದೇನು? ಹಿಂಗ ಮಾಡಿದವರು ಇದ್ರ ಹೇಳ್ರಿ.

ಇನ್ನೊಂದು. ದಲಾಲಿ ಒಬ್ಬ ಹಳೇ 225 ಕಿಲೋವ್ಯಾಟ್ ಮಷೀನು ಅಗ್ಗಕ್ಕ ಕೊಡಸ್ತೀನಿ ಅಂತಾನ. ಫೋಟೋದಾಗ ಕಂಬದ ಗುಂಟ ಎಣ್ಣಿ ಇಳದು ಕರ್ರಗಾಗೈತಿ. ಗೇರ್‌ಬಾಕ್ಸ್ ಹೋಗೈತೋ ಏನೋ, ಸರ್ವಿಸ್ ಕೆಲಸ ಮಾಡಿದ ಹುಡುಗರು ಯಾರರ ನೋಡಿ ಹೇಳ್ರಿ. ಗಾಳಿ ವೇಗ ಅರ್ಧಕ್ಕಿಳಿದ್ರ ಶಕ್ತಿ ಎಂಟನೇ ಒಂದು ಪಾಲಿಗೆ ಇಳೀತದಂತ, ಅದಕ್ಕ ವರ್ಷಪೂರ್ತಿ ಗಾಳಿ ಅಳಿಯೋ ಖರ್ಚೆಷ್ಟು ಅನ್ನೋದೂ ಬೇಕು. ಸಭಾ ಬರೋ ಅಮಾಸಿಗೆ ಐತಿ, ಅಷ್ಟರಾಗ ತಿಳಿಸಿದ್ರ ಉಪಕಾರ ಆಗ್ತದ.