ಅಪ್‌ಡೇಟ್: ಕಾಕಾನ ರಕ್ತದಾಗ ಸೀಸ ಸಿಕ್ತು

ಹೋದ ತಿಂಗಳು ಕೇಳಿದ್ನಲ್ರಿ, ಪುಣೆದಾಗ ಸೀಸದ ಬ್ಯಾಟರಿ ರಿಪೇರಿ ಮಾಡೋ ನಮ್ಮ ಕಾಕಾಗ ಹೊಟ್ಟಿನೋವು, ಸುಸ್ತು, ಹಿಮೋಗ್ಲೋಬಿನ್ 9.2, ಐರನ್ ಗುಳಿಗಿ ನುಂಗಿದ್ರೂ ಏರವಲ್ದು, ಎಸ್‌ಜಿಪಿಟಿನೂ (ಲಿವರ್ ಟೆಸ್ಟ್) ಸ್ವಲ್ಪ ಜಾಸ್ತಿ ಅಂತ. ನೀವು ಹೇಳಿದಂಗ ರಕ್ತದಾಗ ಸೀಸ ಎಷ್ಟದ ಅನ್ನೋ ಬ್ಲಡ್ ಲೆಡ್ ಟೆಸ್ಟ್ ಮಾಡಿಸಿದ್ವಿ, ಡೆಸಿಲೀಟರ್‌ಗೆ 58 ಮೈಕ್ರೋಗ್ರಾಂ ಬಂತ್ರಿ. ಡಬ್ಲ್ಯೂಎಚ್‌ಒ 5 ಮುಟ್ಟಿದ್ರನ ಎಲ್ಲಿಂದ ಬರ್ತದ ಹುಡುಕಿ ನಿಲ್ಲಿಸ್ರಿ ಅಂತದ.

ಐರನ್ ಕಮ್ಮಿ ಇರಲೇ ಇಲ್ಲಂತ. ಹೀಮ್ (ಹಿಮೋಗ್ಲೋಬಿನ್‌ನಾಗ ಐರನ್ ಇರೋ ಭಾಗ) ತಯಾರಾಗೋ ದಾರಿನ ಸೀಸ ಬಂದ್ ಮಾಡ್ತದ, ಅಲಾಡ್ ಅನ್ನೋ ಎನ್ಜೈಮ್‌ನಾಗ ಝಿಂಕ್ ಇರೋ ಜಾಗಾದಾಗ ತಾನು ಕೂಡ್ತದ, ಕೊನೀಗ ಐರನ್ ಕೂಡಿಸೋ ಎನ್ಜೈಮ್ ಫೆರೋಕೆಲಟೇಸ್‌ನೂ ಕೆಡಿಸ್ತದ, ಹಿಂಗಾಗಿ ಐರನ್ ಸೇರೋ ಕಡೆ ಝಿಂಕ್ ಸೇರ್ತದ, ಗುಳಿಗಿ ಎಷ್ಟು ನುಂಗಿದ್ರೇನು. ಎಸ್‌ಜಿಪಿಟಿಗೆ ಮಾತ್ರ ಬ್ಯಾರೆ ಕಾರಣನೂ ನೋಡಬೇಕು ಅಂದ್ರು ಡಾಕ್ಟರ್.

ನನಗ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗಿದ್ದು ಬ್ಯಾರೆ. ಕಾಕಾ ಕೆಲಸದ ಅಂಗಿ ಮ್ಯಾಲೇ ಮನಿಗೆ ಬಂದು ನಾಲ್ಕು ವರ್ಷದ ಮಗಳನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ರೊಟ್ಟಿ ಮುರದು ತಿನ್ನಸ್ತಿದ್ದ, ಉಗುರಸಂದಿನಾಗ ಬೂದು ಪುಡಿ ಹಂಗ ಇರ್ತಿತ್ತು. ಪಾಪುಗೂ ಟೆಸ್ಟ್ ಮಾಡಿಸಿದ್ವಿ, 11 ಬಂತು.

ಕೆಲಸ ಬಿಡ್ಸೀವಿ. ಕಾಕಾಗ ಸೀಸ ಹೊರಗ ಹಾಕೋ ಔಷಧ ನಡದದ, ಆದ್ರ ಎಲುಬಿನಾಗ ಕುಂತಿದ್ದು ವರ್ಷಾನುಗಟ್ಲೆ ನಿಧಾನ ರಕ್ತಕ್ಕ ಬರ್ತದಂತ, ಅದಕ್ಕ ಮುಂದಿನ ತಿಂಗಳು ಇಬ್ರಿಗೂ ಮತ್ತ ಟೆಸ್ಟ್ ಅದ.